ಹತ್ತು ನಂಬರು, ಒಂದು ಪುಸ್ತಕ

ಐವತ್ನಾಲ್ಕು ವರ್ಷದ ಹಿಂದೆ, ಮೊಣಕಾಲಮಟ್ಟ ಹಿಮ ಬಿದ್ದಿದ್ದ ಒಂದು ಬೆಳಿಗ್ಗೆ, ಮಿಸಾವೊ ತನ್ನ ಅಕ್ಕ ಹಾತ್ಸುವಿಗೆ ಮಾತು ಕೊಟ್ಟಿದ್ದಳು. "ಈ ಮನೆಯವರ ಬಾಯಿಂದ ಇದು ಯಾವತ್ತೂ ಹೊರಗೆ ಬೀಳಲ್ಲ ಅಕ್ಕಾ" ಎಂದು ಚಾಪೆಗೆ ಹಣೆ ಹಚ್ಚಿ ಹೇಳಿದ್ದಳು. ಪಕ್ಕದಲ್ಲಿ ಕೂತಿದ್ದ ಗಂಡ ತೊಕುಜಿಯೂ ಹಣೆ ಹಚ್ಚಿದ್ದ. ಅದು ಏನು ಎಂಬುದು ಅವರ ಮಗಳು ಕಾಯೊಗೆ ತಿಳಿಯುವ ಹೊತ್ತಿಗೆ ಅವಳಿಗೆ ನಲವತ್ತೇಳು ತುಂಬಿತ್ತು. ಅದೂ ಯಾರೋ ಹೇಳಿ ತಿಳಿದದ್ದಲ್ಲ, ಅಪ್ಪನ ಪುಸ್ತಕ ಟೈಪು ಮಾಡುವಾಗ ತಿಳಿದದ್ದು.

ಯಮಗಿಶಿ ತೊಕುಜಿ, ಸಬಾಯೆ ಎಂಬ ಊರಿನಲ್ಲಿ ಐವತ್ತು ವರ್ಷ ಕನ್ನಡಕದ ಫ್ರೇಮುಗಳಿಗೆ ಪಾಲಿಷ್ ಹಾಕಿದವನು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಚಕ್ರದ ಮುಂದೆ ಕೂತು ಲೋಹದ ಧೂಳು ಕುಡಿದು ಕುಡಿದು, ಎಂಬತ್ತರ ಹೊತ್ತಿಗೆ ಅವನ ಶ್ವಾಸಕೋಶ ಹಳೆಯ ಗೋಣಿಚೀಲದಂತಾಗಿತ್ತು. ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು, ಹಳೆ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ತನ್ನ ಬದುಕು ಬರೆಯುತ್ತಿದ್ದ. ಕಾಯೊ ಗಂಡನನ್ನು ಬಿಟ್ಟು ಮಗಳು ಹೊನಾಮಿಯೊಂದಿಗೆ ತವರಿಗೆ ಬಂದು ಒಂಬತ್ತು ವರ್ಷವಾಗಿತ್ತು. ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ, ಹಂಡೆ ತೊಳೆದು, ಸಂಜೆ ಮನೆಗೆ ಬಂದು ಮತ್ತೆ ಅಕ್ಕಿ ತೊಳೆಯುವವಳು. ಅಪ್ಪನ ಹಾಳೆಗಳಿಗೆ ಅವಳಿಗಿದ್ದದ್ದು ಭಾನುವಾರ ಒಂದೇ.

ಸೆಪ್ಟೆಂಬರಿನ ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ಶುರುಮಾಡಿದ.

"ಕಾಯೊ, ಪುಸ್ತಕಕ್ಕೆ ನಂಬರು ತಗೋಬೇಕು."

"ಎಂಥ ನಂಬರಪ್ಪ?"

"ಹಿಂದಿನ ರಟ್ಟಿನ ಮೇಲೆ ಗೆರೆಗೆರೆ ಇರುತ್ತಲ್ಲ, ಅದರ ಜೊತೆ ಹದಿಮೂರು ಅಂಕಿ. ಐಎಸ್‌ಬಿಎನ್. ಸ್ವಂತಕ್ಕೆ ಅಚ್ಚು ಹಾಕಿಸೋರೂ ಅರ್ಜಿ ಹಾಕಬಹುದಂತೆ."

ಮಿಸಾವೊ ಬದನೆಕಾಯಿ ಬಡಿಸುತ್ತಿದ್ದವಳು ಅಲ್ಲಿಂದಲೇ ಕೇಳಿದಳು: "ನೆಂಟರಿಗೆ ಹಂಚೋ ನೂರು ಪ್ರತಿಗೆ ನಂಬರು ಯಾಕೆ ರೀ? ಇಲ್ಲೇನು ಅಂಗಡಿ ಇಡ್ತಿದೀರಾ?"

"ನಂಬರಿಲ್ಲದ್ದು ದಿನಚರಿ ಕಣೇ. ನಾನು ಸತ್ತ ಮಾರನೇ ವರ್ಷ ಹಳೇಪೇಪರಿನ ಜೊತೆ ಕಟ್ಟಿ ಹಾಕ್ತೀರ. ನಂಬರಿದ್ರೆ ಪುಸ್ತಕ. ಟೋಕಿಯೋದ ದೊಡ್ಡ ಗ್ರಂಥಾಲಯಕ್ಕೆ ಒಂದು ಪ್ರತಿ ಹೋಗಿ ಕೂರುತ್ತೆ. ಯಾವನೂ ಬಿಸಾಡೋಹಾಗಿಲ್ಲ. ಎಷ್ಟು ವರ್ಷ ಬಿಟ್ಟು ಯಾರು ಹುಡುಕಿದ್ರೂ ಸಿಗುತ್ತೆ."

"ನಿಮ್ಮನ್ನ ಯಾರು ಹುಡುಕ್ತಾರೆ?"

ಅಪ್ಪ ಸಾರಿನ ಬಟ್ಟಲೆತ್ತಿ ಕುಡಿದ.

ಅರ್ಜಿ ತುಂಬಿದವಳು ಹದಿನೇಳರ ಹೊನಾಮಿ. ಊಟದ ಮೇಜಿನಲ್ಲೇ ಫೋನು ಹಿಡಿದು ಅಜ್ಜನ ಪಕ್ಕದಲ್ಲಿ ಕೂತು ಒಂದೊಂದೇ ಕೇಳಿದಳು.

"ಪ್ರಕಾಶಕರ ಹೆಸರು?"

"ಯಾರದ್ದು?"

"ನಿಂದೇ ಅಜ್ಜ. ಪುಸ್ತಕ ನೀನೇ ಹಾಕಿಸ್ತಿರೋದು, ಅಂದ್ಮೇಲೆ ನೀನೇ ಪ್ರಕಾಶಕ. ಒಂದು ಹೆಸರಿಡು."

"ಯಮಗಿಶಿ ಪಾಲಿಷ್ ಶೆಡ್ಡು."

"ಅಯ್ಯೋ ಅಜ್ಜಾ! ಚೆನ್ನಾಗಿರೋದು ಏನಾದ್ರೂ ಹೇಳು. ಚಂದ್ರ ಅಂತಲೋ, ಬಿದಿರು ಅಂತಲೋ."

"ಐವತ್ತು ವರ್ಷ ಬೋರ್ಡು ಹಾಗೇ ಇತ್ತು. ಬಿದಿರಿಂದ ನಮಗೆ ಅನ್ನ ಬಂತಾ?"

"ಸರಿಯಪ್ಪ, ಶೆಡ್ಡೇ ಇರ್ಲಿ. ಒಂದು ನಂಬರು ಸಾಕಾ, ಹತ್ತು ಬೇಕಾ?"

"ಹತ್ತು."

ಮಿಸಾವೊಳ ಕೈಯ ಊಟದ ಕಡ್ಡಿಗಳು ಗಾಳಿಯಲ್ಲೇ ನಿಂತವು. "ಹತ್ತಾ! ಒಂದು ಮುಗಿಸೋಕೆ ಉಸಿರು ಸಾಲ್ತಿಲ್ಲ. ಇನ್ನೊಂಬತ್ತು ಯಾವ ಜನ್ಮಕ್ಕೆ?"

"ಉಳಿದ್ರೆ ನಿನ್ನ ಉಪ್ಪಿನಕಾಯಿ ಜಾಡಿಗಳಿಗೆ ಅಂಟಿಸ್ಕೋ."

ಹೊನಾಮಿ ನಕ್ಕಳು, ಕಾಯೊ ನಕ್ಕಳು. ಮಿಸಾವೊ ಕೂಡ ಬೆಳ್ಳಿ ಕಟ್ಟಿಸಿದ ಮುಂದಿನ ಹಲ್ಲನ್ನು ಕೈಯಿಂದ ಮುಚ್ಚಿಕೊಂಡು ನಕ್ಕಳು. ನಾಲ್ವರೂ ಆ ಊಟದ ಮೇಜಿನಲ್ಲಿ ಸೇರಿ ನಕ್ಕದ್ದು ಅದೇ ಕೊನೆ.

ಏಳನೆಯ ಅಧ್ಯಾಯ ಕಾಯೊಳ ಕೈಗೆ ಬಂದದ್ದು ಅಕ್ಟೋಬರಿನ ಎರಡನೆಯ ಭಾನುವಾರ. ಹೊರಗೆ ಒಗೆದ ಬಟ್ಟೆ ಹರವಿ ಬಂದು ಕೂತಳು. ಮೊದಲ ಪುಟ ಎಂದಿನಂತೆ ಬೆರಳು ಓಡಿತು. ಎರಡನೆಯ ಪುಟದಲ್ಲಿ ನಿಂತಿತು.

ಅಪ್ಪ ಬರೆದದ್ದು ಇಷ್ಟು. ಹಾತ್ಸುವಿಗೆ ಮೂರು ಬಸಿರು ನಿಲ್ಲಲಿಲ್ಲ. ಇನ್ನೊಂದೂ ಹೋದರೆ ತವರಿಗೆ ಕಳಿಸಿಬಿಡುತ್ತೇನೆ ಎಂದು ತಕೆಫು ಊರಿನ ಅವಳ ಅತ್ತೆ ಹೇಳಿಯಾಗಿತ್ತು. ಆಗ ಮಿಸಾವೊಗೆ ಇಪ್ಪತ್ತೆರಡು, ಚೊಚ್ಚಲ ಬಸಿರು. ಅಕ್ಕತಂಗಿಯರ ತಾಯಿ ಇಬ್ಬರನ್ನೂ ಕೂರಿಸಿ ತೀರ್ಮಾನ ಮಾಡಿದಳು. ಹಾತ್ಸು ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಐದು ತಿಂಗಳು ಓಡಾಡಿದಳು. ಹೆರಿಗೆಯ ನೆಪದಲ್ಲಿ ತವರಿಗೆ ಬಂದಳು. ಒಂದೇ ಕೋಣೆಯಲ್ಲಿ ಒಬ್ಬಳು ಹೆತ್ತಳು, ಒಬ್ಬಳು ಎತ್ತಿಕೊಂಡಳು. ಸೂಲಗಿತ್ತಿ ಜನನದ ಚೀಟಿಯಲ್ಲಿ ತಾಯಿಯೆಂದು ಹಾತ್ಸುವಿನ ಹೆಸರು ಬರೆದಳು. ಹೆರಿಗೆಯ ಹುಲ್ಲುಹಾಸಿನ ಮೇಲಿಂದಲೇ ಎತ್ತಿಕೊಂಡ ಕೂಸು ಎಂದು ಹಳಬರು ಕರೆಯುತ್ತಿದ್ದದ್ದು ಇಂಥ ಮಕ್ಕಳನ್ನೇ. ದತ್ತು ಎಂದು ಬರೆಸಿದರೆ ಸರಕಾರದ ಕುಟುಂಬಪಟ್ಟಿಯಲ್ಲಿ ಗುರುತು ಉಳಿಯುತ್ತದೆ. ಹೀಗೆ ಎತ್ತಿಕೊಂಡರೆ ಎಲ್ಲಿಯೂ ಉಳಿಯುವುದಿಲ್ಲ.

ಆ ಕೂಸು ಇಕುಯೊ. ಕಾಯೊ ಹುಟ್ಟಿದಂದಿನಿಂದ ದೊಡ್ಡಮ್ಮನ ಮಗಳು ಎಂದುಕೊಂಡು "ಅಕ್ಕ" ಎನ್ನುತ್ತಿದ್ದ ಇಕುಯೊ.

ಅವಳ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಅಪ್ಪ ಅಲ್ಲೇ ಕೂಡಿಹಾಕಿ ಬರೆದಿದ್ದ. ಪ್ರತಿ ಬೇಸಿಗೆ ರಜೆಗೆ ಬಂದು ಶೆಡ್ಡಿನಲ್ಲಿ ಕೂರುತ್ತಿದ್ದದ್ದು, ಮಸಿ ಮೆತ್ತಿದ ಅವಳ ಮೂಗು, ಅವಳಿಗೆಂದೇ ಮಾಡಿಕೊಟ್ಟ ಗಾಜಿಲ್ಲದ ಪುಟ್ಟ ಫ್ರೇಮು. ಕೊನೆಯ ಸಾಲು: "ನಡೆಯುವಾಗ ಥೇಟ್ ನನ್ನ ತಾಯಿ. ಬಸ್ಸು ಹತ್ತಿಸಿ ಬಂದ ಮೇಲೆ ಆ ದಿನ ನಾನು ಚಕ್ರ ಹಚ್ಚುತ್ತಿರಲಿಲ್ಲ."

ಹದಿಮೂರು ಪುಟ. ಕಾಯೊ ಎದ್ದು ಅಡುಗೆಮನೆಗೆ ಹೋದಳು. ಅಮ್ಮ ಬಂಗುಡೆ ಮೀನನ್ನು ಉಪ್ಪು ತವುಡಿನಲ್ಲಿ ಒತ್ತಿ ಒತ್ತಿ ಜಾಡಿಗೆ ತುಂಬುತ್ತಿದ್ದಳು.

"ಅಮ್ಮ, ಇಕುಯೊ ಅಕ್ಕ..."

ಮಿಸಾವೊ ತಿರುಗಲಿಲ್ಲ. "ಏನಾಯ್ತು ಅವಳಿಗೆ?"

"ಅಪ್ಪ ಬರೆದಿದಾನೆ."

"ಏನು ಬರೆದಿದಾರೆ?"

"ಎಲ್ಲಾ."

ಮೊಣಕೈವರೆಗೂ ತವುಡು ಮೆತ್ತಿದ ಕೈ ಜಾಡಿಯೊಳಗೇ ಉಳಿಯಿತು. ಮಿಸಾವೊ, "ಮೇಲಿನ ಕಲ್ಲು ಕೊಡು" ಎಂದಳು. ಕಾಯೊ ಕಲ್ಲು ಕೊಟ್ಟಳು. ಜಾಡಿಯ ಮೇಲೆ ಕಲ್ಲು ಹೇರಿ, ಕೈ ತೊಳೆದು, ಒರೆಸಿಕೊಂಡು, ನೇರ ಗಂಡನ ಹಾಸಿಗೆಯ ಬಳಿಗೆ ಹೋದಳು.

"ಏನ್ರೀ ಇದು? ಚಾಪೆಗೆ ಹಣೆ ಹಚ್ಚಿದ್ದು ನಾನೊಬ್ಬಳೇನಾ?"

"ನಾನೂ ಹಚ್ಚಿದ್ದೆ."

"ಮತ್ತೆ?"

"ಬಾಯಲ್ಲಿ ಹೇಳಲ್ಲ ಅಂದಿದ್ವಿ. ನಾನು ಬಾಯಿ ಬಿಟ್ಟಿಲ್ಲ."

"ಥೂ! ಎಂಬತ್ತು ವರ್ಷದ ಗಂಡಸು ಆಡೋ ಮಾತಾ ಇದು? ಕೋರ್ಟಲ್ಲಿ ನಿಂತ ವಕೀಲನಂಗೆ!"

"ನೋಡು ಮಿಸಾವೊ, ನಾನು ಇಕುಯೊ ಮನೆಗೆ ಹೋಗಿ ಹೇಳ್ತಿಲ್ಲ. ಅವಳ ಕೈಗೂ ಕೊಡಲ್ಲ ಬೇಕಾದ್ರೆ. ಪುಸ್ತಕ ಎಲ್ಲೋ ಒಂದು ಕಡೆ ಇರುತ್ತೆ. ಅವಳೇ ಒಂದು ದಿನ ಹುಡುಕಿದ್ರೆ ಸಿಗಲಿ. ಅಷ್ಟೇ." ಅಷ್ಟು ಹೇಳುವುದರೊಳಗೆ ಮೂರು ಸಲ ಉಸಿರು ತಡೆದ.

"ಅಕ್ಕ ಇನ್ನೂ ಬದುಕಿದಾಳೆ."

"ನಾನು ಅವಳಿಗಿಂತ ಮುಂಚೆ ಹೋಗ್ತೀನಿ."

ಬಾಗಿಲಲ್ಲಿ ನಿಂತಿದ್ದ ಕಾಯೊ ನಡುವೆ ಬಾಯಿ ಹಾಕಿದಳು. "ಅಪ್ಪ, ಒಂದು ಕೆಲಸ ಮಾಡೋಣ. ಅಧ್ಯಾಯ ಇರಲಿ, ನಂಬರು ಬೇಡ. ಐದೇ ಪ್ರತಿ ಮನೇಲಿ ಇಟ್ಕೊಳ್ಳೋಣ."

"ಮನೇಲಿ ಐವತ್ನಾಲ್ಕು ವರ್ಷ ಇತ್ತಲ್ಲಮ್ಮ" ಎಂದ ತೊಕುಜಿ. "ಮನೇಲಿಡೋಕೆ ಬರೀಬೇಕಿತ್ತಾ?"

"ಸರಿ, ನಂಬರಿರಲಿ, ಆ ಹದಿಮೂರು ಪುಟ ಬೇಡ" ಎಂದಳು ಮಿಸಾವೊ.

"ಅದಿಲ್ದೆ ನಂಗೆ ಪುಸ್ತಕವೇ ಬೇಡ."

ಅಲ್ಲಿಂದ ಮುಂದೆ ಮನೆಯಲ್ಲಿ ಮಾತೆಲ್ಲ ಮೂರನೆಯವರ ಮೂಲಕವೇ ನಡೆಯಿತು. "ನಿಮ್ಮಜ್ಜನಿಗೆ ಗಂಜಿ ಆರ್ತಿದೆ ಅಂತ ಹೇಳು." "ನಿಮ್ಮಜ್ಜಿಗೆ ಉಪ್ಪು ಜಾಸ್ತಿ ಆಗಿದೆ ಅಂತ ಹೇಳು." ಹೊನಾಮಿ ಎರಡು ದಿನ ಅಂಚೆಯವಳಾಗಿ ದುಡಿದು ಮೂರನೆಯ ದಿನ, "ನಂಗೆ ಪರೀಕ್ಷೆ ಇದೆ, ನೀವೇ ಮಾತಾಡ್ಕೊಳ್ಳಿ" ಎಂದು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಆದರೂ ಮಿಸಾವೊ ಗಂಡನ ಸೋಬಾ ಶಾವಿಗೆಯ ಮೇಲೆ ಹಾಕಲು ಮೂಲಂಗಿಯನ್ನು ಅವನಿಗೆ ಹಿಡಿಸುವಷ್ಟು ನುಣ್ಣಗೇ ತುರಿಯುತ್ತಿದ್ದಳು. ನಳಿಗೆಯ ತುದಿಯನ್ನು ದಿನವೂ ಒರೆಸುತ್ತಿದ್ದಳು. ಒರೆಸುವಾಗ ಅವನ ಮುಖ ಮಾತ್ರ ನೋಡುತ್ತಿರಲಿಲ್ಲ.

ನಂಬರುಗಳ ಲಕೋಟೆ ನವೆಂಬರಿನ ಮೊದಲ ವಾರ ಬಂತು. ಒಂದೇ ಹಾಳೆ. ಒಂದರ ಕೆಳಗೊಂದು ಹತ್ತು ಸಾಲು. ತೊಕುಜಿ ಭೂತಗನ್ನಡಿ ಹಿಡಿದು ಹತ್ತನ್ನೂ ಓದಿದ. ಆಮೇಲೆ ಕ್ಯಾಲೆಂಡರಿನ ಹಿಂದೆ ಹತ್ತನ್ನೂ ನಕಲು ಮಾಡಿದ. ನೂರಮೂವತ್ತು ಅಂಕಿ ಬರೆಯಲು ಅವನಿಗೆ ಇಡೀ ಮಧ್ಯಾಹ್ನ ಹಿಡಿಯಿತು.

"ಕಾಯೊ, ಇಲ್ಲಿ ನೋಡು. ಎಲ್ಲದರ ಮಧ್ಯೆ ಈ ಅಂಕಿಗಳು ಒಂದೇ ಥರ ಇವೆ. ಇದು ನಮ್ಮ ಶೆಡ್ಡಿನದು. ಇಡೀ ಜಪಾನಿನಲ್ಲಿ ಇನ್ಯಾರಿಗೂ ಇಲ್ಲ."

"ಹೌದಪ್ಪ."

"ಮೊದಲನೇದು ನನ್ನ ಪುಸ್ತಕಕ್ಕೆ. ಪೂರ್ತಿ ಪುಸ್ತಕಕ್ಕೆ. ತಿಳೀತಾ?"

ಕಾಯೊ ತಲೆಯಾಡಿಸಿದಳು. ಅಡುಗೆಮನೆಯಿಂದ ಪಾತ್ರೆಯ ಸದ್ದು ಜೋರಾಗಿ ಬಂತು.

ತಿಂಗಳ ಕೊನೆಗೆ ಚಳಿ ಬಲಿಯಿತು. ಒಂದು ಬೆಳಿಗ್ಗೆ ತೊಕುಜಿಯ ತುಟಿ ನೀಲಿಯಾಗಿತ್ತು. ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಮತ್ತೆ ಮನೆಗೆ ಕಳಿಸುವ ಮಾತನ್ನು ವೈದ್ಯರು ಆಡಲಿಲ್ಲ. ಕಾಯೊ ಅಚ್ಚಿನ ಮನೆಗೆ ಫೋನು ಮಾಡಿದಾಗ, ಬರುವ ಸೋಮವಾರದೊಳಗೆ ಫೈಲು ಕೊಟ್ಟರೆ ಹೊಸ ವರ್ಷಕ್ಕೆ ಮುಂಚೆ ಕೈಗೆ ಬರುತ್ತದೆ ಎಂದರು.

ಆ ಶನಿವಾರ ಮಿಸಾವೊ, "ತಕೆಫುಗೆ ಕರಕೊಂಡು ಹೋಗ್ತೀಯಾ? ಅಕ್ಕನ್ನ ನೋಡ್ಬೇಕು" ಎಂದಳು.

ಹಾತ್ಸು ಇದ್ದದ್ದು ವೃದ್ಧಾಶ್ರಮದ ಎರಡನೆಯ ಮಹಡಿಯಲ್ಲಿ. ಎಂಬತ್ನಾಲ್ಕರ ಮುದುಕಿ, ಗುಬ್ಬಿಯಷ್ಟಾಗಿದ್ದಳು. ಇಕುಯೊ ಎದುರಿಗೆ ಕೂತು ಗಂಜಿ ತಿನ್ನಿಸುತ್ತಿದ್ದಳು. ಇವರನ್ನು ಕಂಡು ಅವಳ ಮುಖ ಅರಳಿತು.

"ಬನ್ನಿ ಚಿಕ್ಕಮ್ಮ! ಬಾರೇ ಕಾಯೊ. ಚಿಕ್ಕಪ್ಪ ಹೇಗಿದಾರೆ? ನಿನ್ನೆ ಹೋಗಿದ್ದೆ, ನನ್ನ ಕೈ ಹಿಡ್ಕೊಂಡವರು ಬಿಡಲೇ ಇಲ್ಲ. ನರ್ಸು ಬಂದು ಬಿಡಿಸಬೇಕಾಯ್ತು."

"ಔಷಧದ ಮಂಪರು" ಎಂದಳು ಮಿಸಾವೊ.

ಹಾತ್ಸು ತಂಗಿಯನ್ನೇ ದಿಟ್ಟಿಸುತ್ತಿದ್ದಳು. "ನೀವು ಯಾರಮ್ಮ?"

"ಮಿಸಾವೊ, ಅಕ್ಕ."

"ಓ." ಗುರುತು ಹತ್ತಲಿಲ್ಲ. ಹಾತ್ಸು ಇಕುಯೊಳ ತೋಳು ತಟ್ಟಿದಳು. "ಇವಳು ನನ್ನ ಮಗಳು. ನಾನೇ ಹೆತ್ತಿದ್ದು."

"ಶುರುವಾಯ್ತು" ಎಂದು ಇಕುಯೊ ನಕ್ಕಳು. "ದಿನಾ ಇದೇ ಕಥೆ ಚಿಕ್ಕಮ್ಮ. ನನ್ನ ಹೆಸರು ಮರೆತಿದಾಳೆ, ಹೆತ್ತಿದ್ದು ಮರೆತಿಲ್ಲ."

"ಎರಡು ರಾತ್ರಿ ನೋವು ತಿಂದೆ" ಎಂದಳು ಹಾತ್ಸು, ಹೊಸಬರಿಗೆ ಹೇಳುವಂತೆ. "ಹೊರಗೆ ಈಟು ಹಿಮ. ಸೂಲಗಿತ್ತಿ ಬರೋಕೆ ದಾರಿಯಿಲ್ಲ. ನಮ್ಮಪ್ಪ ಸಲಿಕೆ ಹಿಡಿದು ದಾರಿ ಬಿಡಿಸಿದ. ಕೂಗಬಾರದು ಅಂತ ನಮ್ಮಮ್ಮ ಬಾಯಿಗೆ ಬಿದಿರ ತುಂಡು ಕೊಟ್ಟಿದ್ಲು. ಕಚ್ಚಿ ಕಚ್ಚಿ ಮುಂದಿನ ಹಲ್ಲೇ ಮುರೀತು."

ಕಾಯೊ ಅಮ್ಮನ ಕಡೆ ನೋಡಿದಳು. ಮಿಸಾವೊ ಬಾಯಿ ಮುಚ್ಚಿಕೊಂಡು, ಬೆಳ್ಳಿಯ ಹಲ್ಲು ಕಾಣದಂತೆ ತುಟಿ ಬಿಗಿಹಿಡಿದು ಕೂತಿದ್ದಳು.

"ಬೆಳಗಿನ ಜಾವ ಹುಟ್ಟಿತು. ಕೂದಲೆಲ್ಲ ಒದ್ದೆ. ನನ್ನ ಎದೆ ಮೇಲೆ ಇಟ್ಟರು. ಬಿಸಿ ಬಿಸಿ ಇತ್ತು." ಹಾತ್ಸು ಎರಡೂ ಕೈ ಎದೆಯ ಮೇಲಿಟ್ಟುಕೊಂಡು ತೋರಿಸಿದಳು. ಆಮೇಲೆ ಮಿಸಾವೊಳ ಕಡೆ ಬಗ್ಗಿ ಕೇಳಿದಳು: "ನಿಮಗೆ ಮಕ್ಕಳಿದಾರಾ?"

"ಒಬ್ಬಳಿದಾಳೆ" ಎಂದಳು ಮಿಸಾವೊ.

"ಒಬ್ಬಳೇನಾ? ಪಾಪ. ಇರಲಿ, ಹೆಣ್ಣಲ್ವಾ, ನೋಡ್ಕೊಳ್ತಾಳೆ."

ಇಕುಯೊ ಬಟ್ಟೆಯಿಂದ ಹಾತ್ಸುವಿನ ಗಲ್ಲ ಒರೆಸಿದಳು. "ಸಾಕಮ್ಮ ಮಾತು, ಬಾಯಿ ತೆಗಿ. ಇನ್ನೊಂದು ಚಮಚ."

ಕಾರಿನಲ್ಲಿ ಮನೆಗೆ ಮರಳುವಾಗ ಸೇತುವೆ ದಾಟಿದ ಮೇಲೆ ಮಿಸಾವೊ ಹೇಳಿದಳು:

"ಅವಳು ಸುಳ್ಳು ಹೇಳ್ತಿಲ್ಲ ಕಾಯೊ. ಅವಳಿಗೆ ಹಾಗೇ ನೆನಪಿದೆ. ಅವಳ ಹತ್ರ ಉಳಿದಿರೋದು ಅದೊಂದೇ."

"ಅಪ್ಪನ ಹತ್ರ ಉಳಿದಿರೋದೂ ಅದೊಂದೇ ಅಮ್ಮ."

"ಗೊತ್ತು." ಮಿಸಾವೊ ಕಿಟಕಿಯ ಆಚೆ ನೋಡಿದಳು. "ನಿಂಗೆ ಅವರು ಬರೆದದ್ದು ಗೊತ್ತು. ನಂಗೆ ಹಾಲು ಇಳಿದದ್ದು ಗೊತ್ತು. ಹದಿನೈದು ದಿನ ಬಟ್ಟೆ ಕಟ್ಟಿ ಬತ್ತಿಸ್ಕೊಂಡೆ. ಪಕ್ಕದ ಕೋಣೇಲಿ ಕೂಸು ಅಳ್ತಿತ್ತು, ಅಕ್ಕ ಸೀಸೆ ಹಿಡೀತಿದ್ಲು. ಅಷ್ಟೆಲ್ಲ ಆದ್ಮೇಲೆ ಕೊಟ್ಟ ಮಾತು ಅದು. ಈಗ ಮುರಿದ್ರೆ ಆಗ ಪಟ್ಟಿದ್ದೆಲ್ಲ ಯಾತಕ್ಕೆ? ಇಕುಯೊ ನಾಳೆ ಅದನ್ನ ಓದಿ, ನಾಡಿದ್ದು ಹೋಗಿ ಗಂಜಿ ತಿನ್ನಿಸುವಾಗ ಅಕ್ಕನ್ನ ಏನಂತ ಕರೀತಾಳೆ?"

ಕಾಯೊ ಕಾರನ್ನು ಮನೆಯ ದಾರಿಗೆ ತಿರುಗಿಸಿದಳು.

ಭಾನುವಾರ ಬಟ್ಟೆ ಹರವಿ ಬಂದು ಅವಳು ಫೈಲು ತೆರೆದಳು. ಹದಿಮೂರು ಪುಟವನ್ನು ಗುರುತು ಮಾಡಿ ಅಳಿಸಿದಳು. ಎಂಟನೆಯ ಅಧ್ಯಾಯ ಏಳಾಯಿತು, ಒಂಬತ್ತು ಎಂಟಾಯಿತು. ಪರಿವಿಡಿ ತಿದ್ದಿದಳು. ಕೊನೆಯ ಪುಟದಲ್ಲಿ, ಪ್ರಕಾಶಕರು ಯಮಗಿಶಿ ಪಾಲಿಷ್ ಶೆಡ್ಡು ಎಂಬುದರ ಕೆಳಗೆ, ಹಾಳೆಯ ಮೊದಲ ನಂಬರನ್ನು ಅಂಕಿಗೊಂದು ಸಲ ನೋಡಿ ಬರೆದಳು. ಕಳಿಸಿದಳು. ಸಂಜೆ ಅಮ್ಮನಿಗೆ, "ತೆಗೆದೆ" ಎಂದಳು. ಮಿಸಾವೊ, "ಹ್ಞೂಂ" ಎಂದು ಮೂಲಂಗಿಯ ಸಿಪ್ಪೆ ಹೆರೆಯುತ್ತಲೇ ಇದ್ದಳು. ಕ್ಯಾಲೆಂಡರಿನ ಆ ಹಾಳೆಗಳನ್ನು ಅವಳೇ ಕೇಳಿ ತೆಗೆದುಕೊಂಡಳು. ಎಲ್ಲಿಟ್ಟಳೋ, ಏನು ಮಾಡಿದಳೋ, ಕಾಯೊ ಕೇಳಲಿಲ್ಲ.

ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳುತ್ತೇನೆಂದು ಕಾಯೊ ಮೂರು ಸಲ ಆಸ್ಪತ್ರೆಗೆ ಹೋದಳು. ಮೂರು ಸಲವೂ ಕಿತ್ತಳೆ ಸುಲಿದು ಕೊಟ್ಟು ಬಂದಳು.

ಪುಸ್ತಕ ಡಿಸೆಂಬರ್ ಇಪ್ಪತ್ತೊಂದಕ್ಕೆ ಬಂತು. ಬೂದು ಬಣ್ಣದ ರಟ್ಟು, ಅದರ ಮೇಲೆ ಶೆಡ್ಡಿನ ಚಿತ್ರ. ಕಾಯೊ, ಮಿಸಾವೊ ಇಬ್ಬರೂ ಒಂದು ಪ್ರತಿ ಹಿಡಿದು ಹೋದರು. ತೊಕುಜಿ ಹಾಸಿಗೆಯ ತಲೆಭಾಗ ಎತ್ತಿಸಿಕೊಂಡು, ಕನ್ನಡಕ ಹಾಕಿಸಿಕೊಂಡು ಪುಸ್ತಕ ಮಡಿಲಲ್ಲಿ ಇಟ್ಟುಕೊಂಡ. ಮೊದಲ ಪುಟ ತೆರೆಯಲಿಲ್ಲ. ನಡುವಿಗೆ ಕೈ ಹಾಕಿದ. ಏಳನೆಯ ಅಧ್ಯಾಯ ಹೊಸ ಪಾಲಿಷ್ ಚಕ್ರ ಕೊಂಡ ವರ್ಷದ್ದಾಗಿತ್ತು. ಒಂದು ಪುಟ ಓದಿದ. ಹಿಂದಕ್ಕೆ ತಿರುವಿದ. ಮುಂದಕ್ಕೆ ತಿರುವಿದ.

"ಅಪ್ಪ, ನಾನೇ..." ಎಂದಳು ಕಾಯೊ.

ಅವನು ಕೈಯೆತ್ತಿದ. ಸಾಕು ಎಂಬಂತೆ. ಪುಸ್ತಕ ಮುಚ್ಚಿ ಬೋರಲು ಹಾಕಿದ. ಹಿಂದಿನ ರಟ್ಟಿನ ಮೇಲಿದ್ದ ಹದಿಮೂರು ಅಂಕಿಯ ಮೇಲೆ ಹೆಬ್ಬೆರಳು ಆಡಿಸಿದ, ಹಿಂದೆ ಫ್ರೇಮಿನ ಅಂಚು ನುಣುಪಾಯಿತೇ ಎಂದು ನೋಡುತ್ತಿದ್ದ ಹಾಗೆ.

"ನಂಬರು ಸರಿಯಾಗಿ ಬಂದಿದೆ" ಎಂದ.

ಮಿಸಾವೊ ಮುಂದೆ ಬಂದು ಅವನ ಕಾಲ ಮೇಲಿನ ಹೊದಿಕೆ ಸರಿಮಾಡಿದಳು. "ರೀ, ಬಯ್ಯಿ ಬೇಕಾದ್ರೆ."

"ಯಾಕೆ ಬಯ್ಯಲಿ" ಎಂದ ತೊಕುಜಿ. "ಉಸಿರಿಲ್ಲ." ಅವಳ ಜೊತೆ ನೇರ ಮಾತಾಡಿ ಎರಡು ತಿಂಗಳಾಗಿತ್ತು.

ಜನವರಿ ಮೂರರಂದು ಅವನು ಹೋದ. ಪುಸ್ತಕದ ಒಂದು ಪ್ರತಿ ಟೋಕಿಯೋಗೆ ಅಂಚೆಯಲ್ಲಿ ಹೋಯಿತು. ಉಳಿದವನ್ನು ಬಂದವರಿಗೆಲ್ಲ ಕೊಟ್ಟರು. ಮಿಕ್ಕ ಒಂಬತ್ತು ನಂಬರುಗಳನ್ನು ಬೇರೆ ಯಾರಿಗಾದರೂ ಕೊಡಬಹುದೇ ಎಂದು ಹೊನಾಮಿ ವಿಚಾರಿಸಿದಳು. ಅವು ಶೆಡ್ಡಿನ ಹೆಸರಿಗೆ ಬಂದವು, ಕೈ ಬದಲಾಯಿಸುವಂತಿಲ್ಲ ಎಂದರು.

ಸತ್ತ ನಲವತ್ತೊಂಬತ್ತನೆಯ ದಿನದ ಕರ್ಮಕ್ಕೆ ಬೌದ್ಧ ಗುರುಗಳು ಬಂದು ಸೂತ್ರ ಓದಿ ಹೋದರು. ನೆಂಟರೂ ಹೋದರು. ಇಕುಯೊ ಒಬ್ಬಳು ಉಳಿದು, ಅಂಗಿಯ ತೋಳು ಮಡಚಿಕೊಂಡು ಪಾತ್ರೆ ತೊಳೆದಳು. ಕಾಯೊ ಒರೆಸಿಟ್ಟಳು. ಎಲ್ಲ ಮುಗಿದ ಮೇಲೆ ಇಕುಯೊ ಕೈಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಚಿಕ್ಕಮ್ಮ, ಒಂದು ಕೇಳಲಾ? ಬೇಜಾರು ಮಾಡ್ಕೋಬೇಡಿ."

"ಕೇಳಮ್ಮ."

"ಎರಡು ಸಲ ಓದಿದೆ. ಎಲ್ಲರೂ ಇದಾರೆ. ಫ್ರೇಮು ತಗೊಂಡು ಹೋಗ್ತಿದ್ದ ಲಾರಿ ಡ್ರೈವರ್ ಇದಾನೆ. ಪಕ್ಕದ ಮನೆ ಕುಂಟ ಬೆಕ್ಕು ಇದೆ. ಅದಕ್ಕೆ ಒಂದು ಪುಟ ಬರೆದಿದಾರೆ." ಅವಳು ನಗಲು ನೋಡಿದಳು. "ನಾನು ಒಂದು ಕಡೆನೂ ಇಲ್ಲ. ಹೆಸರು ಕೂಡ ಇಲ್ಲ. ಹನ್ನೆರಡು ವರ್ಷ ಒಂದು ಬೇಸಿಗೇನೂ ಬಿಡದೆ ಬಂದಿದೀನಿ ಚಿಕ್ಕಮ್ಮ. ಆ ಶೆಡ್ಡಿನಲ್ಲಿ ಅವರ ಪಕ್ಕದಲ್ಲೇ ಕೂರ್ತಿದ್ದೆ."

ಕಾಯೊ ಒರೆಸುವ ಬಟ್ಟೆಯನ್ನು ಮಡಚಿ ಇಟ್ಟಳು. ಆ ಹದಿಮೂರು ಪುಟ ಅಳಿಸುವಾಗ ಇದು ಅವಳಿಗೆ ಹೊಳೆದಿರಲಿಲ್ಲ.

"ಚಿಕ್ಕಪ್ಪನಿಗೆ ನಾನಂದ್ರೆ ತುಂಬಾ ಇಷ್ಟ ಅಂತ ಅಂದ್ಕೊಂಡಿದ್ದೆ" ಎಂದಳು ಇಕುಯೊ. "ಸುಮ್ನೆ ನಾನೇ ಅಂದ್ಕೊಂಡಿದ್ದಾ?"

ಕಾಯೊ ಅಮ್ಮನ ಮುಖ ನೋಡಿದಳು. ಮಿಸಾವೊ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಅದರ ಮೂಲೆ ನೇರ ಮಾಡಿದಳು. ಬಾಯಿ ತೆರೆದಳು.

"ವಯಸ್ಸಾಗಿತ್ತಲ್ಲಮ್ಮ. ಮರೆತಿರ್ತಾರೆ."

"ಹ್ಞೂಂ. ಹೌದಲ್ವಾ." ಇಕುಯೊ ಕಣ್ಣೊರೆಸಿಕೊಂಡು ಎದ್ದಳು. "ಅಮ್ಮನಿಗೆ ಊಟದ ಹೊತ್ತಾಯ್ತು, ಬರ್ತೀನಿ." ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಗೇಟಿನವರೆಗೆ ಕಳಿಸಲು ಹೋದದ್ದು ಕಾಯೊ ಒಬ್ಬಳೇ.

ಹಾತ್ಸು ಆ ವರ್ಷ ಜೂನಿನಲ್ಲಿ ತೀರಿಕೊಂಡಳು. ಮಿಸಾವೊ ಮರುವರ್ಷ ಹೋದಳು. ಅಕ್ಕನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು.